ಶಾಲಾ ವಿದ್ಯಾರ್ಥಿಗಳ ವ್ಯಸನ ಮತ್ತು ಮಾನಸಿಕ ಆರೋಗ್ಯ ಸಮೀಕ್ಷೆ

ತಂಬಾಕು, ಮದ್ಯ, ಮಾದಕ ವಸ್ತುಗಳ ಬಳಕೆ ಮತ್ತು ಮನಸ್ಸಿನ ಸ್ಥಿತಿಯನ್ನು ತರಗತಿಯಲ್ಲೇ, ಹೆಸರು ಕೇಳದೆ ಮಕ್ಕಳಿಂದ ತಿಳಿಯುವ ವಿಧಾನ. ಜಾಗತಿಕ ಯುವ ತಂಬಾಕು ಸಮೀಕ್ಷೆಯ 2019ರ ಸುತ್ತಿನಲ್ಲಿ 13ರಿಂದ 15 ವರ್ಷದವರ ಪೈಕಿ ದೇಶದಲ್ಲಿ ಶೇ. 8.5, ಕರ್ನಾಟಕದಲ್ಲಿ ಶೇ. 1.2ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ಶೇ. 1.2 ಎಂಬುದು ರಾಜ್ಯದ ಸರಾಸರಿ; ಬೆಳಗಾವಿಯ ಪೇಟೆಯ ಶಾಲೆಗೂ ಖಾನಾಪುರದ ಕಾಡಂಚಿನ ಶಾಲೆಗೂ ಇದನ್ನೇ ಅಳತೆಗೋಲು ಮಾಡುವುದು ತಪ್ಪು.

ಬೆಳಗಾವಿ ಭಾಗದಲ್ಲಿ ಸಮೀಕ್ಷೆಯ ಪ್ರಶ್ನಾವಳಿ ಕನ್ನಡದಲ್ಲೂ ಮರಾಠಿಯಲ್ಲೂ ಬೇಕು.

ನಿಜವಾದ ಕಷ್ಟವಿರುವುದು ಗುಟ್ಟು ಕಾಯುವುದರಲ್ಲಿ. ಹಾಳೆಯ ಮೇಲೆ ಹೆಸರಿರಬಾರದು, ಹಾಜರಿ ಸಂಖ್ಯೆಯೂ ಇರಬಾರದು. ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತಿದ್ದರೆ ಗುಟ್ಕಾ ಜಗಿಯುವ ಹುಡುಗನೂ ‘ಇಲ್ಲ’ ಎಂದೇ ಗುರುತು ಹಾಕುತ್ತಾನೆ. ಬಡಾಯಿಯ ಉತ್ತರಗಳೂ ಉಂಟು. ಅವನ್ನು ಹಿಡಿಯಲು, ಯುರೋಪಿನಲ್ಲಿ 1995ರಲ್ಲಿ ಆರಂಭವಾದ ಎಸ್ಪಾಡ್ ಸಮೀಕ್ಷೆ ‘ರೆಲೆವಿನ್’ ಎಂಬ, ಎಲ್ಲೂ ಇಲ್ಲದ ಮಾದಕದ ಹೆಸರನ್ನೂ ಪಟ್ಟಿಗೆ ಸೇರಿಸಿತು.

ತರಗತಿಯಲ್ಲೇ ನಡೆಯುವುದರಿಂದ ಶಾಲೆ ಬಿಟ್ಟ ಮಕ್ಕಳು, ಹೆಚ್ಚು ಅಪಾಯದಲ್ಲಿರುವವರೇ, ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನು ಸಿಕ್ಕ ಮಕ್ಕಳನ್ನು ದುಃಖದ ಬಗ್ಗೆ ಕೇಳಿ ಹಾಳೆ ಕಟ್ಟಿಕೊಂಡು ಹೊರಟುಬಿಡುವುದು ಅನ್ಯಾಯ. ನೆರವಿನ ದಾರಿಯನ್ನೂ ಮಕ್ಕಳಿಗೆ ತಿಳಿಸಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ.