ಉಡುಗೊರೆ, ಮದುವೆ, ವಿಷ: ‘ಗಿಫ್ಟ್’ ಪದ ಕವಲೊಡೆದ ಬಗೆ

ಜರ್ಮನ್ನರು ಇಲಿಪಾಷಾಣವನ್ನು ‘ರಾಟನ್‌ಗಿಫ್ಟ್’ ಎನ್ನುತ್ತಾರೆ. ಇಂಗ್ಲಿಷ್ ಬಲ್ಲವರ ಕಿವಿಗೆ ಅದು ಇಲಿಗೆ ಕೊಟ್ಟ ಉಡುಗೊರೆ. ಡಚ್ಚರಲ್ಲಿ ‘ಗಿಫ್ಟ್’ ಎಂದರೆ ದೇಣಿಗೆ. ಸ್ವೀಡಿಷ್‌ನಲ್ಲಿ ಇದೇ ಪದವನ್ನು ‘ಯಿಫ್ಟ್’ ಎಂದು ಉಚ್ಚರಿಸುತ್ತಾರೆ. ಅಲ್ಲಿ ಅದಕ್ಕೆ ‘ಮದುವೆಯಾದ’ ಎಂಬ ಅರ್ಥವೂ ಇದೆ, ವಿಷ ಎಂಬ ಅರ್ಥವೂ ಇದೆ. ಎಲ್ಲ ಕಡೆಯೂ ರೋಮನ್ ಲಿಪಿಯ ಅವೇ ನಾಲ್ಕು ಅಕ್ಷರ.

ಇಂಥ ಪದಗಳಿಗೆ ‘ಹುಸಿ ಗೆಳೆಯರು’ ಎಂಬ ಹೆಸರು ರೂಢಿಗೆ ಬಂದದ್ದು ಕೆಸ್ಲರ್ ಮತ್ತು ದೆರೊಕಿನ್ಯಿ ಎಂಬಿಬ್ಬರು ಫ್ರೆಂಚರು 1928ರಲ್ಲಿ ಹೊರತಂದ ಪುಸ್ತಕದಿಂದ. ಆದರೆ ಈ ಒಂದೇ ಹೆಸರಿನಡಿ ಎರಡು ಬೇರೆ ಜಾತಿಯ ಪದಗಳಿವೆ. ‘ಬುರೋ’ ಇಟಾಲಿಯನ್‌ನಲ್ಲಿ ಬೆಣ್ಣೆ, ಸ್ಪ್ಯಾನಿಷ್‌ನಲ್ಲಿ ಕತ್ತೆ. ಮೊದಲನೆಯದು ಬೆಣ್ಣೆಯನ್ನು ಹೇಳುವ ಲ್ಯಾಟಿನ್ ಪದದಿಂದ, ಎರಡನೆಯದು ಸಣ್ಣ ಕುದುರೆಯನ್ನು ಹೇಳುವ ಪದದಿಂದ ಸವೆದು ಬಂದವು. ಅವು ನೆಂಟರಲ್ಲ, ದಾರಿಯಲ್ಲಿ ಎದುರಾದವು. ‘ಗಿಫ್ಟ್’ ಹಾಗಲ್ಲ, ಅದು ಒಂದೇ ಮನೆಯಲ್ಲಿ ಹುಟ್ಟಿ ಪಾಲಾದದ್ದು.

ಮೂಲ ‘ಕೊಡು’ ಎಂಬ ಜರ್ಮ್ಯಾನಿಕ್ ಧಾತು. ಹಳೆಯ ಇಂಗ್ಲಿಷ್‌ನಲ್ಲಿ ಈ ಪದಕ್ಕೆ ವಧುವಿಗಾಗಿ ತೆರುವ ಹಣ, ಅಂದರೆ ನಮ್ಮ ‘ತೆರ’, ಎಂಬ ಅರ್ಥವಿತ್ತು. ಬಹುವಚನದಲ್ಲಿ ಅದೇ ಮದುವೆ. ಇಂದಿನ ಇಂಗ್ಲಿಷ್ ಪದದ ಗಡಸು ‘ಗ’ಕಾರ ಸ್ಕ್ಯಾಂಡಿನೇವಿಯನ್ನರ ಹಳೆಯ ನಾರ್ಸ್ ಭಾಷೆಯ ಪ್ರಭಾವದ್ದು. ಅತ್ತ ಸ್ವೀಡನ್ನಿನಲ್ಲಿ ಮಗಳನ್ನು ‘ಕೊಡುವುದು’ ಮದುವೆಯ ಹೆಸರಾಗಿ ಉಳಿಯಿತು. ಹೆಣ್ಣು ಕೊಡುವ, ತರುವ ಮಾತನ್ನು ಇಂದಿಗೂ ಆಡುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿಷದ ಅರ್ಥ ಬಂದದ್ದು ವೈದ್ಯರ ಕಡೆಯಿಂದ ಎಂಬುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ವಿವರಣೆ. ಗ್ರೀಕಿನ ‘ದೋಸಿಸ್’ ಎಂದರೆ ಕೊಡುವಿಕೆ. ಅದೇ ಲ್ಯಾಟಿನ್ನಿಗೆ ಹೋಗಿ ಒಂದು ಸಲಕ್ಕೆ ಕೊಡುವ ಔಷಧವಾಯಿತು. ನಾವು ದಿನವೂ ಆಡುವ ‘ಡೋಸ್’ ಅದರದೇ ಕುಡಿ. ಜರ್ಮನ್ನರು ಅದನ್ನು ತಮ್ಮ ‘ಗಿಫ್ಟ್’ ಪದದಿಂದ ಅನುವಾದಿಸಿಕೊಂಡರು. ಕೊಟ್ಟ ಔಷಧ ಕ್ರಮೇಣ ಕೊಟ್ಟ ವಿಷವಾಯಿತು. ವ್ಯಾಕರಣವೂ ಬೇರೆಯಾಯಿತು: ಇಂದು ವಿಷದ ‘ಗಿಫ್ಟ್’ ನಪುಂಸಕಲಿಂಗ. ಹಳೆಯ ಸ್ತ್ರೀಲಿಂಗ, ಹಳೆಯ ಅರ್ಥ ಎರಡೂ ‘ಮಿಟ್‌ಗಿಫ್ಟ್’ ಎಂಬ ಪದದಲ್ಲಿ ಉಳಿದಿವೆ. ಅದರ ಅರ್ಥ ವರದಕ್ಷಿಣೆ.

ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಈ ಪದದ ಮೇಲೆಯೇ 1924ರಲ್ಲಿ ಒಂದು ಕಿರುಲೇಖನ ಬರೆದ. ದಾನದಲ್ಲೇ ಋಣದ ಭಾರವಿದೆ, ಕೊಟ್ಟ ಪಾನೀಯ ಸತ್ಕಾರವೂ ಆಗಬಹುದು, ವಿಷವೂ ಆಗಬಹುದು ಎಂಬುದು ಅವನ ನಿಲುವು. ‘ದೋಸಿಸ್’ ವಿವರಣೆ ಅವನಿಗೆ ಸಾಲದೆನಿಸಿತು: ಜನಬಳಕೆಯ ವಸ್ತುವಿಗೆ ವಿದ್ವಾಂಸರ ಪದ ಅಂಟಿಕೊಳ್ಳುವುದು ಅಪರೂಪವೆಂದು ಅವನು ಆಕ್ಷೇಪಿಸಿದ.

ಆಕ್ಷೇಪದಲ್ಲಿ ಹುರುಳಿದೆ. ಆದರೆ ಅನುವಾದ ವಿದ್ವಾಂಸರದಾದರೂ, ಅದನ್ನು ವಿಷದವರೆಗೆ ಎಳೆದೊಯ್ಯಲು ವಿದ್ವತ್ತು ಬೇಕಿಲ್ಲ ಎಂಬುದಕ್ಕೆ ಕನ್ನಡದ ‘ಮದ್ದು’ ಸಾಕ್ಷಿ. ಮದ್ದು ಅಪ್ಪಟ ಆಡುನುಡಿಯ ಪದ, ಅರ್ಥ ಔಷಧ. ಆದರೂ ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂದಾಗ ಯಾವ ಹಳ್ಳಿಯವರೂ ವೈದ್ಯರನ್ನು ನೆನೆಯುವುದಿಲ್ಲ; ಊಟದಲ್ಲಿ ಗುಟ್ಟಾಗಿ ಬೆರೆಸಿದ ಕೈಮದ್ದನ್ನು ನೆನೆದು ದನಿ ತಗ್ಗಿಸುತ್ತಾರೆ. ವಿಷವನ್ನು ವಿಷವೆನ್ನಲು ನಾಲಿಗೆ ಅಳುಕಿದಾಗ ಔಷಧದ ಹೆಸರು ಮರೆಯಾಗಿ ನಿಲ್ಲುತ್ತದೆ. ‘ಗಿಫ್ಟ್’ ಪದವನ್ನು ಕೊಡುಗೆಯಿಂದ ವಿಷಕ್ಕೆ ದಾಟಿಸಿದ್ದೂ ಬಹುಶಃ ಅಂಥದೇ ಅಳುಕು.