ತಪ್ಪಿಸಿಕೊಂಡು ಹೋದ ಮಿಕದ ಲೆಕ್ಕ ಯಾರ ಹತ್ತಿರ?

ಮೊನ್ನೆ ಅಡಿಕೆ ಸುಲಿಯುವಾಗ ಗದ್ದೆಗೆ ಹಂದಿ ನುಗ್ಗಿದ ಮಾತು ಬಂತು. ಹಿರಿಯರೊಬ್ಬರು, "ಹಿಂದಿನ ಸೀಸದ ಗುಂಡು ಅಂದ್ರೆ ಗುಂಡು. ಒಂದೇ ಈಡಿಗೆ ಮಲಗಿಸ್ತಿತ್ತು" ಅಂದರು. ನನಗೆ ಅಜ್ಜನ ತೊಡೆ ಮೇಲಿದ್ದ ಗೇಣುದ್ದದ ಕಲೆ ನೆನಪಾಯ್ತು. ಯಾರೋ ಕೇಪಿನ ಕೋವಿಯಲ್ಲಿ ಹೊಡೆದು ಬಿಟ್ಟಿದ್ದ ಹಂದಿ, ಸೊಪ್ಪು ಕಡಿಯಲು ಹೋದ ಅಜ್ಜನ ಮೇಲೆ ಬಿದ್ದಿತ್ತು. ಆಮೇಲೆ ಅದನ್ನು ಕೊಂದು ಕುಯ್ದಾಗ ಮುಂಗಾಲಿನ ಹೆಗಲಲ್ಲಿ ಚಪ್ಪಟೆಯಾದ ಸೀಸ ಸಿಕ್ಕಿತು. ಗಂಡು ಹಂದಿಯ ಹೆಗಲ ಚರ್ಮ ಎಷ್ಟು ದಪ್ಪ ಅಂತ ನಿಮಗೇ ಗೊತ್ತಲ್ಲ. ಗುಂಡು ಅಲ್ಲೇ ಅಗಲವಾಗಿ ನಿಂತುಬಿಟ್ಟಿತ್ತು.

ಗುಂಡು ಒಳ್ಳೇದೋ ಕೆಟ್ಟದ್ದೋ ಅಂತ ಶಿಕಾರಿಯವರು ತೀರ್ಮಾನ ಮಾಡುತ್ತಿದ್ದದ್ದು ಬಿದ್ದ ಮಿಕ ನೋಡಿ. ಇದು ನಾವು ಬೀಜದ ಜಾಹೀರಾತು ನಂಬಿದ ಹಾಗೆ, ಬೆಳೆ ಬಂದವನ ಫೋಟೋ ಮಾತ್ರ ಕಾಣ್ತದೆ. 1907ರಲ್ಲಿ ಜಿಮ್ ಕಾರ್ಬೆಟ್ ಕುಮಾವೂನಿನ ಚಂಪಾವತ್‌ನಲ್ಲಿ ಒಂದು ಹೆಣ್ಣು ಹುಲಿ ಹೊಡೆದರು. ಅವರ ಲೆಕ್ಕದಲ್ಲಿ ಅದು ನೇಪಾಳ, ಕುಮಾವೂನು ಸೇರಿ 436 ಜನರನ್ನು ತಿಂದಿತ್ತು. ಬಾಯಿ ತೆರೆದು ನೋಡಿದರೆ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು, ಕೆಳಗಿನದ್ದು ಮೂಳೆಯವರೆಗೂ. ಹಳೇ ಗುಂಡೇಟು. ಕಾಡಿನ ಬೇಟೆ ಹಿಡಿಯಲು ಆಗದೆ ಮನುಷ್ಯರ ಮೇಲೆ ತಿರುಗಿತು ಅಂತ ಕಾರ್ಬೆಟ್ ಹೇಳಿದರು. ಆ ಗುಂಡು ಹಾರಿಸಿದವನು ಯಾರು, ಯಾವ ಕೋವಿ, ಯಾವ ಪುಸ್ತಕದಲ್ಲೂ ಇಲ್ಲ.

ಬಿದ್ದದ್ದನ್ನು ನೋಡಿ ಸುಮ್ಮನಾಗದೆ ಕುಯ್ದು ನೋಡಿದವನು ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್. ದಂತಕ್ಕಾಗಿ ಆಫ್ರಿಕಾದಲ್ಲಿ ಸಾವಿರಕ್ಕೂ ಮೇಲೆ ಆನೆ ಕೊಂದ. ಅದನ್ನು ಹೊಗಳೋಕೆ ನನಗೆ ಮನಸ್ಸಿಲ್ಲ. ಆದರೆ ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿ ಮಿದುಳು ಎಲ್ಲಿದೆ ಅಂತ ಕಲಿತ. ಬೇರೆಯವರು 900 ಗ್ರೇನಿನ ಗುಂಡಿನ ದೊಡ್ಡ ಕೋವಿ ಹೊರುವಾಗ, ಇವನು ಹೆಚ್ಚಿನವನ್ನು ಹೊಡೆದದ್ದು 7 ಮಿಲಿಮೀಟರ್ ರೈಫಲಿನ 173 ಗ್ರೇನಿನ, ಅಂದರೆ ಸುಮಾರು 11 ಗ್ರಾಂ ಗುಂಡಿನಲ್ಲಿ. ಉದ್ದ, ಸಪೂರ, ಪೂರ್ತಿ ಲೋಹದ ಕವಚ. ಮೂಳೆಯಲ್ಲಿ ಬಾಗದೆ ನೇರ ಹೋಗ್ತಿತ್ತು. ಆದರೆ ಅದು ಅವನ ಕೈಗೆ ಸರಿ. ಮಿದುಳಿನ ಜಾಗ ಗೊತ್ತಿಲ್ಲದವನು ಅದೇ ಗುಂಡು ಹಿಡಿದರೆ ಗಾಯದ ಆನೆಯೇ ಗತಿ.

ಅದೇ ಕವಚದ ಗುಂಡು ಸಣ್ಣ ಮೈಗೆ ಬಿದ್ದರೆ ಸುಮ್ಮನೆ ತೂರಿ ಆಚೆ ಹೋಗ್ತದೆ. 1895ರ ಚಿತ್ರಾಲ್ ಯುದ್ಧದಲ್ಲಿ ಬ್ರಿಟಿಷ್ ಸೇನೆಯವರದ್ದೂ ಇದೇ ದೂರು. ಆಮೇಲೆ ಕಲ್ಕತ್ತಾ ಹತ್ತಿರದ ಡಂಡಂ ಕಾರ್ಖಾನೆಯಲ್ಲಿ ತುದಿಯ ಸೀಸ ಬಿಚ್ಚಿಟ್ಟ ಗುಂಡು ಮಾಡಿದರು, ಒಳಗೆ ಹೋಗಿ ಅರಳುವಂಥದ್ದು. ಯುದ್ಧದಲ್ಲಿ ಅಂಥದ್ದು ಬೇಡ ಅಂತ 1899ರಲ್ಲಿ ಹೇಗ್‌ನಲ್ಲಿ ಘೋಷಣೆಯಾಯ್ತು. ಶಿಕಾರಿಗೆ ಮಾತ್ರ ಉಳೀತು, ಬೇಗ ಸಾಯಲಿ ಅಂತ. ವಿಚಿತ್ರ ಅಲ್ವಾ?

ಅಜ್ಜ ಆ ಚಪ್ಪಟೆ ಸೀಸವನ್ನು ಎಲೆಯಡಿಕೆ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದರು. ಒಳಗಿಂದ ತಂದು ಆ ಹಿರಿಯರ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. "ಇದು ಯಾರ ಕೋವೀದು?" ಅಂತ ಕೇಳಿದರು.