ಚಲನಚಿತ್ರದ ಚೌಕಟ್ಟು ಮತ್ತು ಮನೆಯ ಪರದೆ

ಹೈದರಾಬಾದಿನ ಬೇಗಂ ಬಜಾರು ತೂಕ ಅಳತೆಗಳ ಪೇಟೆ. ನಿಜಾಮ್ ಅಲಿ ಖಾನರ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ನೆಲದಲ್ಲಿ ಇದು ಬೆಳೆಯಿತೆಂದು ಹೇಳುವುದುಂಟು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಜನರಿಗೆ ಇದರ ಪರಿಚಯ ಹಳೆಯದು. ಸೇರಿಗೊಂದು ಛಟಾಕು ಕಡಿಮೆಯಾದರೆ ಕೊಳ್ಳುವವನು ಸುಮ್ಮನಿರುವ ಸ್ಥಳವಲ್ಲ ಅದು. ಆದರೆ 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ಟು ಮನೆಮನೆಗೆ ಬಂದಾಗ, ಸಿನಿಮಾಸ್ಕೋಪ್ ಚಿತ್ರಗಳ ಅಗಲದಲ್ಲಿ ನೂರಕ್ಕೆ 43 ಪಾಲು ಕಾಣೆಯಾದುದನ್ನು ಕಂಡು ತಕ್ಕಡಿಯ ಮಾತೆತ್ತಿದವರು ವಿರಳ.

ಈ ನಷ್ಟಕ್ಕೆ ಕಾರಣವಾದುದು ಎರಡು ಆಕಾರಗಳ ವೈಷಮ್ಯ. ಮೂಕಿಚಿತ್ರದ ಕಾಲದಿಂದಲೂ ಚಿತ್ರದ ಚೌಕಟ್ಟಿನ ಅಗಲವು ಎತ್ತರದ 1.33ರಷ್ಟಿದ್ದಿತು, 1932ರಲ್ಲಿ ಅಮೆರಿಕದ ಅಕಾಡೆಮಿಯು ಅದನ್ನು 1.37 ಎಂದು ಸ್ವಲ್ಪ ತಿದ್ದಿತು. ದೂರದರ್ಶನದ ಪೆಟ್ಟಿಗೆಯೂ ಅದೇ ಆಕಾರವನ್ನು ಹಿಡಿಯಿತು. ಆದಕಾರಣ 1954ರ ‘ಬೇಡರ ಕಣ್ಣಪ್ಪ’ದಂತಹ ಚಿತ್ರವು ಹಳೆಯ ಪೆಟ್ಟಿಗೆಯಲ್ಲಿ ಬಹುಮಟ್ಟಿಗೆ ಇದ್ದಂತೆಯೇ ಕಾಣುತ್ತಿದ್ದಿತು. 1953ರಲ್ಲಿ ‘ದಿ ರೋಬ್’ ಚಿತ್ರದೊಡನೆ ಸಿನಿಮಾಸ್ಕೋಪ್ ಬಂದಿತು. ಫ್ರಾನ್ಸಿನ ಆನ್ರಿ ಕ್ರೆತಿಯೇನ್ 1920ರ ದಶಕದಲ್ಲಿ ರಚಿಸಿದ್ದ ಮಸೂರವೇ ಇದರ ಮೂಲ. ಅದು ದೃಶ್ಯದ ಅಗಲವನ್ನು ಅರ್ಧಕ್ಕೆ ಅದುಮಿ ಫಿಲ್ಮಿನ ಮೇಲೆ ಮೂಡಿಸುತ್ತದೆ. ಚಿತ್ರಮಂದಿರದ ಮಸೂರ ಅದನ್ನು ಮತ್ತೆ ಬಿಡಿಸುತ್ತದೆ. ಹೀಗೆ ಬಿಡಿಸಿದ ಚಿತ್ರದ ಅಗಲ ಎತ್ತರದ 2.35ರಷ್ಟು. ಮನೆಯ ಪೆಟ್ಟಿಗೆಗೆ ಗಿಟ್ಟುವುದು 1.33 ಮಾತ್ರ.

ಈ ಅಗಲದ ಚೌಕಟ್ಟಿಗೂ ಕನ್ನಡಿಗರಿಗೂ ಇರುವ ಸಂಬಂಧ ಸಾಮಾನ್ಯವಾದುದಲ್ಲ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಛಾಯಾಗ್ರಾಹಕರು ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ವಿದ್ಯೆ ಕಲಿತ ವಿ. ಕೆ. ಮೂರ್ತಿಯವರು. ಕನ್ನಡದ ಮೊದಲ ಸ್ಕೋಪ್ ಚಿತ್ರ ಬಂದುದು 1977ರಲ್ಲಿ, ಎ. ವಿ. ಶೇಷಗಿರಿರಾಯರ ‘ಸೊಸೆ ತಂದ ಸೌಭಾಗ್ಯ’. ತೆಲುಗಿನಲ್ಲಿ ಅದಕ್ಕೆ ಮೂರು ವರ್ಷ ಮೊದಲೇ ‘ಅಲ್ಲೂರಿ ಸೀತಾರಾಮರಾಜು’ ಬಂದಿದ್ದಿತು.

ಮೂರ್ತಿಯವರ ಕೆಲಸದಲ್ಲಿ ಅಗಲವು ಅಲಂಕಾರವಾಗಿರಲಿಲ್ಲ, ಅರ್ಥವೇ ಆಗಿದ್ದಿತು. ಪ್ರಸಿದ್ಧವಾದ ಹಾಡಿನ ದೃಶ್ಯವೊಂದರಲ್ಲಿ, ಕನ್ನಡಿಗಳಿಂದ ಒಳಕ್ಕೆ ಪ್ರತಿಫಲಿಸಿದ ಬಿಸಿಲಿನ ಕೋಲು ಕತ್ತಲೆಯ ಸ್ಟುಡಿಯೊವನ್ನು ಸೀಳಿಕೊಂಡು ಇಳಿಯುತ್ತದೆ. ನಾಯಕ ನಾಯಿಕೆಯರು ಒಬ್ಬರಿಂದೊಬ್ಬರು ದೂರವಾಗಿ ನಿಂತಿರುತ್ತಾರೆ. ಸೇರಲಾರದ ಇಬ್ಬರ ನಡುವಣ ಆ ಬರಿದಾದ ಜಾಗವೇ ದೃಶ್ಯದ ತಿರುಳು. ಇಂತಹ ದೃಶ್ಯವನ್ನು 1.33ಕ್ಕೆ ಕತ್ತರಿಸಬೇಕಾದವನಿಗೆ ದಾರಿ ಮೂರೇ: ಒಬ್ಬರನ್ನು ಬಿಡುವುದು, ಇಬ್ಬರನ್ನೂ ಬಿಟ್ಟು ನಡುವಣ ಬೆಳಕನ್ನು ತೋರಿಸುವುದು, ಇಲ್ಲವೆ ಒಂದು ತುದಿಯಿಂದ ಇನ್ನೊಂದು ತುದಿಗೆ ಚೌಕಟ್ಟನ್ನು ಜರುಗಿಸುವುದು. ಮೂರನೆಯದನ್ನು ಹಿಡಿದರೆ ನಿರ್ದೇಶಕನು ಕನಸಿನಲ್ಲಿಯೂ ಎಣಿಸದ ಚಲನೆಯೊಂದು ಚಿತ್ರದೊಳಗೆ ಸೇರಿಬಿಡುತ್ತದೆ.

ಕ್ಯಾಸೆಟ್ಟಿನ ಕಾಲದಲ್ಲಿ ನಡೆದುದು ಹೆಚ್ಚಾಗಿ ಇದೇ. ಕತ್ತರಿಸಿದರೆ ಕಲಾವಿದರ ಹೆಸರುಗಳೇ ಅರ್ಧವಾಗುತ್ತವೆಂಬ ಕಾರಣದಿಂದ ಶೀರ್ಷಿಕೆಗಳನ್ನು ಮಾತ್ರ ಅದುಮಿದಂತೆಯೇ ತೋರಿಸುವುದಿತ್ತು. ಆಗ ನಟನಟಿಯರು ಕಡ್ಡಿಗಳಂತೆ ಉದ್ದವಾಗಿ ಕಂಡು, ಹೆಸರುಗಳು ಮುಗಿದೊಡನೆ ಮೈ ತುಂಬಿಕೊಳ್ಳುತ್ತಿದ್ದರು. ಇದನ್ನು ಕಂಡು ಮಕ್ಕಳು ನಕ್ಕರೆ ತಪ್ಪೆನ್ನಲಾಗದು.

ಪೂರ್ಣ ಅಗಲವನ್ನು ಉಳಿಸಿಕೊಂಡು ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುವ ಕ್ರಮವೂ ಇದ್ದಿತು. ಅದಕ್ಕೆ ತೆರಬೇಕಾದ ಬೆಲೆ ಬೇರೆ. ಭಾರತದ ಟೆಲಿವಿಷನ್ ಪದ್ಧತಿಯ 576 ಗೆರೆಗಳಲ್ಲಿ ಚಿತ್ರಕ್ಕೆ ದೊರೆಯುವುದು ಸುಮಾರು 326. ಉಳಿದವು ಕಪ್ಪಿನ ಪಾಲು. 1990ರ ದಶಕದ ವಿಸಿಡಿಯಲ್ಲಿ ಒಟ್ಟು ಗೆರೆಗಳೇ 288 ಆದುದರಿಂದ, ಹೀಗೆ ಪಟ್ಟಿ ಬಿಟ್ಟ ಸ್ಕೋಪ್ ಚಿತ್ರಕ್ಕೆ ಉಳಿದುವು 163ರಷ್ಟು. 1996ರಲ್ಲಿ ಜಪಾನಿನಲ್ಲಿ ಬಂದ ಡಿವಿಡಿಯು ಕ್ರೆತಿಯೇನನ ಉಪಾಯವನ್ನೇ ಇನ್ನೊಂದು ರೂಪದಲ್ಲಿ ಬಳಸಿ, ಅಗಲವನ್ನು ಅದುಮಿ ಮುದ್ರಿಸಿ 430ಕ್ಕೂ ಮಿಕ್ಕ ಗೆರೆಗಳನ್ನು ಕೊಡಬಲ್ಲುದಾಗಿದ್ದಿತು. ಆದರೂ ಭಾರತೀಯ ಚಿತ್ರಗಳ ಎಷ್ಟೋ ಡಿವಿಡಿಗಳು ಹಳೆಯ ಪಟ್ಟಿಯ ಕ್ರಮದಲ್ಲಿಯೇ ಹೊರಬಂದುವು. ಅಗಲವಾದ ಹೊಸ ಟೀವಿಯಲ್ಲಿ ಅವುಗಳಿಗೆ ನಾಲ್ಕು ಕಡೆಯೂ ಕಪ್ಪು ಅಂಚು; ಚಿತ್ರವು ನಡುವೆ ಅಂಚೆಚೀಟಿಯಂತೆ ಕುಳಿತಿರುತ್ತದೆ.

ತಾಳೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಇಂತಹ ಕಷ್ಟ ಹೊಸದಲ್ಲ. ಗರಿಯ ತುದಿ ಮುರಿದು ಅಕ್ಷರಗಳು ಹೋದಲ್ಲಿ ಸಂಪಾದಕನು ಚುಕ್ಕೆಗಳನ್ನಿಟ್ಟು ಲೋಪವನ್ನು ಸೂಚಿಸುತ್ತಾನೆ. ಕ್ಯಾಸೆಟ್ಟು ಅಂತಹ ಚುಕ್ಕೆಗಳನ್ನು ಇಡಲಿಲ್ಲ. ಹರಿದ ಪುಟವನ್ನೇ ಇಡಿಯ ಪುಟವೆಂಬಂತೆ ಮುಂದಿಟ್ಟಿತು. ಚಿತ್ರವೊಂದರ ದೃಶ್ಯಸಂಯೋಜನೆ ಇಕ್ಕಟ್ಟಾಯಿತು, ಪಾತ್ರಗಳು ಅಂಚಿಗೆ ತಗುಲುತ್ತವೆ ಎಂದು ಬರೆಯುವ ವಿಮರ್ಶಕನು ತಾನು ನೋಡಿದ ಪ್ರತಿ ಯಾವುದೆಂಬುದನ್ನು ಮೊದಲು ವಿಚಾರಿಸಬೇಕು. ಆ ದೋಷವು ನಿರ್ದೇಶಕನದಾಗಿರದೆ ಕ್ಯಾಸೆಟ್ಟಿನದಾಗಿರುವ ಸಂಭವ ಹೆಚ್ಚು. ಮೂಲ ನೆಗೆಟಿವ್ ಕೆಟ್ಟು, ಕತ್ತರಿಸಿದ ಪ್ರತಿಯೊಂದೇ ಉಳಿದಲ್ಲಿ ವಿಚಾರಿಸುವುದಕ್ಕೂ ಆಸ್ಪದವಿಲ್ಲ.

16:9 ಆಕಾರದ ಟೀವಿಯು ಸಾಮಾನ್ಯವಾದ ಮೇಲೆ ಕತ್ತರಿಯು ದಿಕ್ಕು ಬದಲಿಸಿತು. ಈಗ ಆಪತ್ತು ಹಳೆಯ ಚಿತ್ರಗಳಿಗೆ. 1.37ರ ಚೌಕಟ್ಟನ್ನು ಈ ಪರದೆಗೆ ತುಂಬಿಸಲು ಎತ್ತರದ ನಾಲ್ಕರಲ್ಲೊಂದು ಭಾಗಕ್ಕೆ ಸಮೀಪದಷ್ಟನ್ನು ತೆಗೆಯಬೇಕು. ಪೌರಾಣಿಕ ಚಿತ್ರಗಳ ಕಿರೀಟಗಳೂ ಪಾದಗಳೂ ಮೊದಲು ಹೋಗುತ್ತವೆ. ಕಣ್ಣಪ್ಪನ ಕಥೆಯಲ್ಲಿ ಲಿಂಗದ ಕಣ್ಣಿನ ಗುರುತಿಗೆ ಪಾದವನ್ನೇ ಇಡಬೇಕೆಂಬುದನ್ನು ನೆನೆದರೆ ನಷ್ಟದ ಸ್ವರೂಪ ತಿಳಿದೀತು. ಕತ್ತರಿಸಲೊಲ್ಲದವರು ಚಿತ್ರವನ್ನು ಅಡ್ಡಕ್ಕೆ ಎಳೆಯುತ್ತಾರೆ. ಹಾಗೆ ಎಳೆದಾಗ ಬೇಡನೂ ಅರಸನೂ ಒಂದೇ ಸಮನಾಗಿ ಸ್ಥೂಲಕಾಯರಾಗುತ್ತಾರೆ. ಟೀವಿಯ ಗುಂಡಿಯೊಂದನ್ನು ಒತ್ತಿ 4:3ಕ್ಕೆ ತಂದುಕೊಂಡರೆ ಎಳೆದ ಚಿತ್ರವನ್ನು ಎಷ್ಟೋ ವೇಳೆ ಸರಿಪಡಿಸಬಹುದು. ಕತ್ತರಿಸಿ ಮುದ್ರಿಸಿದುದನ್ನು ಯಾವ ಗುಂಡಿಯೂ ಮರಳಿ ಕೊಡಲಾರದು.